ಹಳೇ ವಠಾರದಲ್ಲಿ ಸ್ಟೇ: ಹೋದ್ರೆ ಮಹಡಿ ರೂಮೇ ಕೇಳಿ

ಚಿಕ್ಕಮಗಳೂರಲ್ಲಿ ಬಸವನಹಳ್ಳಿ ಕಡೆ ಒಂದು ಹಳೇ ವಠಾರನ ಹೋಮ್‌ಸ್ಟೇ ಮಾಡಿದಾರೆ, ಹೆಸರು ಹಾಕಲ್ಲ, ಬಯ್ಯೋದೂ ಸ್ವಲ್ಪ ಇದೆ. ಎಸ್ಟೇಟ್ ಬಂಗಲೆ ಅಂದ್ಕೊಂಡು ಹೋಗ್ಬೇಡಿ, ಇದು ಪೇಟೆ ಒಳಗಿನ ಬಾಡಿಗೆ ಮನೆ, ಕೆಳಗೆ ಮೇಲೆ ಸೇರಿ ನಾಲ್ಕು ಸಂಸಾರಕ್ಕೆ ಅಂತ ಕಟ್ಟಿದ್ದು, ಮಧ್ಯೆ ಅಂಗಳ, ಎಲ್ರಿಗೂ ಒಂದೇ ಬಾವಿ, ಆ ಕಾಲದ ಅಪಾರ್ಟ್‌ಮೆಂಟ್ ಅನ್ನಿ. ಓನರ್ ತಾತ 1920ರ ಸುಮಾರಿಗೆ ಕಟ್ಸಿದ್ದಂತೆ. ಹಳೇ ಬಾಡಿಗೆ ಕರಾರಿಗೆ ಫ್ರೇಮ್ ಹಾಕ್ಸಿ ಜಗಲಿಯಲ್ಲಿ ನೇತು ಹಾಕಿದಾರೆ, ಅದ್ರಲ್ಲಿ ಕಡೂರು ಡಿಸ್ಟ್ರಿಕ್ಟ್ ಅಂತಿದೆ, ಬಂದೋರೆಲ್ಲ ಇದೇನ್ ಕಡೂರಿಂದ ತಂದಿದ್ದಾ ಅಂತ ಕೇಳ್ತಾರೆ, 1947ರವರೆಗೂ ನಮ್ ಜಿಲ್ಲೆ ಹೆಸರೇ ಅದು ಸ್ವಾಮಿ. ಹೆಂಚಿಂದೂ ಅದೇ ಕಥೆ, ಬಾಸೆಲ್ ಮಿಷನ್ 1865 ಅಂತ ಅಚ್ಚು ನೋಡಿ ಮನೆ ಅಷ್ಟು ಹಳೇದು ಅಂತ ಫೋಟೋ ಹಾಕ್ತಾರೆ, ಅದು ಮಂಗಳೂರಲ್ಲಿ ಕಾರ್ಖಾನೆ ಶುರುವಾದ ವರ್ಷ ಅಷ್ಟೇ.

ಹೆಂಚು ಇರೋದು ಹಿಂದಿನ ಭಾಗಕ್ಕೆ ಮಾತ್ರ. ಮುಂದಿನ ಮಹಡಿ ರೂಮಿಗೆ ಮದ್ರಾಸ್ ತಾರಸಿ, ನನ್ ಕೇಳಿದ್ರೆ ಕೊಟ್ಟ ದುಡ್ಡು ಅದಕ್ಕೇ ವಸೂಲು. ಮಂಚದ ಮೇಲೆ ಮಲಗಿ ಮೇಲೆ ನೋಡಿ, ಗೋಡೆಯಿಂದ ಗೋಡೆಗೆ ಒತ್ತೊತ್ತಾಗಿ ಮರದ ಜಂತೆ, ಅದ್ರ ಮೇಲೆ ತೆಳು ಇಟ್ಟಿಗೆನ ಅಂಚು ನಿಲ್ಸಿ ಓರೆ ಸಾಲಲ್ಲಿ ಸುಣ್ಣದ ಗಾರೆಯಲ್ಲಿ ಕೂರ್ಸಿದಾರೆ, ಒಂದ್ ಸಾಲೂ ಸೊಟ್ಟ ಇಲ್ಲ. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಕಲಸಿ ಹರಡಿ, ಬೆಲ್ಲ ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾ ದಿನಗಟ್ಟಲೆ ಮರದ ಹಲಗೇಲಿ ಬಡೀತಿದ್ರು, ಗಟ್ಟಿ ಆಗೋವರೆಗೂ. ದೇಶದಲ್ಲಿ ಸಿಮೆಂಟ್ ಕಾರ್ಖಾನೆ ಸರಿಯಾಗಿ ನಡೆಯೋಕೆ ಶುರುವಾಗಿದ್ದೇ 1914ರಲ್ಲಿ, ಪೋರಬಂದರಲ್ಲಿ, ಅದು ನಮ್ಮೂರ ಮೇಸ್ತ್ರಿ ಕೈಗೆ ಬರೋಕೆ ಇನ್ನೂ ಟೈಮಿತ್ತು. ಮಧ್ಯಾಹ್ನ ಎರಡು ಗಂಟೇಲೂ ಫ್ಯಾನ್ ಬೇಕು ಅನ್ನಿಸ್ಲಿಲ್ಲ.

ಈಗ ಬಯ್ಯೋದು. ಕೆಳಗಿನ ರೂಮಿಗೆ "ರಿನೋವೇಶನ್" ಅಂತ ಹಳೇ ಸುಣ್ಣದ ಗಾರೆ ಕಿತ್ತು ಸಿಮೆಂಟ್ ಹೊಡ್ದು ಡಿಸ್ಟೆಂಪರ್ ಬಳಿದಿದಾರೆ. ಮೊದಲ ರಾತ್ರಿ ನಮಗೆ ಅದನ್ನೇ ಕೊಟ್ರು, ತಲೆದಿಂಬಿನ ಹಿಂದೆ ಪೇಂಟ್ ಹಪ್ಪಳದ ಥರ ಎದ್ದಿದೆ, ಮುಟ್ಟಿದ್ರೆ ಬಿಳೀ ಉಪ್ಪು ಉದುರುತ್ತೆ, ಮುಗ್ಗಲು ವಾಸನೆ ಬೇರೆ. ಹಳೇ ಗೋಡೆ ನೆಲದ ತೇವ ಎಳ್ಕೊಳ್ಳುತ್ತೆ, ಸುಣ್ಣ ಇದ್ರೆ ಅದು ಹಾಗೇ ಹೊರಗೆ ಆರಿ ಹೋಗುತ್ತೆ, ಸಿಮೆಂಟ್ ಮೆತ್ತಿದ್ರೆ ದಾರಿ ಕಟ್ಟಾಗಿ ಒಳಗೇ ಮೇಲೇರುತ್ತೆ. ಓನರಿಗೆ ಹೇಳ್ದೆ. "ಹೌದಾ ಸಾರ್, ಮಳೆಗಾಲ ಅಲ್ವಾ, ಇನ್ನೊಂದ್ ಕೋಟ್ ಹೊಡಿಸ್ತೀವಿ" ಅಂದ್ರು! ವಾಟರ್‌ಪ್ರೂಫ್ ಪೇಂಟಂತೆ. ಪುಣ್ಯಾತ್ಮರು ಮಹಡಿಗೆ ಕೈ ಹಾಕದಿದ್ರೆ ಸಾಕು.

ಮಾರನೇ ದಿನ ಮೇಲೆ ಶಿಫ್ಟ್ ಮಾಡಿದ್ರು, ಎಕ್ಸ್ಟ್ರಾ ತಗೊಳ್ಲಿಲ್ಲ, ಅದಕ್ಕೆ ಥ್ಯಾಂಕ್ಸ್. ಕೆಂಪು ಗಾರೆ ನೆಲ ಕನ್ನಡಿ ಥರ ಇಟ್ಕೊಂಡಿದಾರೆ, ಬಾಗಿಲಿಗೆ ಮರದ ಅಗುಳಿ ಹಾಗೇ ಇದೆ. ಬಾತ್ರೂಮ್ ಮಾತ್ರ ಆಮೇಲೆ ಮೂಲೇಲಿ ತುರುಕಿದ್ದು, ದಪ್ಪ ಇರೋರು ತಿರುಗೋದು ಕಷ್ಟ. ತಿಂಡಿ ಅಕ್ಕಿ ರೊಟ್ಟಿ ಕಾಯಿಚಟ್ನಿ ಚೆನ್ನಾಗಿತ್ತು, ಕಾಫಿ ಬಗ್ಗೆ ಹೇಳೋದೇ ಬೇಡ.

ಮೆಟ್ಟಿಲು ತುಂಬಾ ಕಡಿದು, ಮಂಡಿನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಯೋಚ್ನೆ ಮಾಡಿ. ಪಾರ್ಕಿಂಗ್ ಇಲ್ಲ, ಆ ಗಲ್ಲೀಲಿ ಇನ್ನೋವಾ ತಿರುಗಲ್ಲ. ಮಹಡಿ ರೂಮಿಗೆ ನಾಲ್ಕು ಸ್ಟಾರ್, ಕೆಳಗಿಂದಕ್ಕೆ ಒಂದೂವರೆ.