ಷಡ್ಡರ್‌ನ ‘ದಿ ಲಾಸ್ಟ್ ಡ್ರೈವ್-ಇನ್’: ಯಾವ ಸಿನಿಮಾಕ್ಕೆ ಮಾತು ಬೇಕು, ಯಾವುದಕ್ಕೆ ಬೇಡ

ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿದ್ದು, ಮನೆಗೆ ಕೇಬಲ್ ಹಾಕಿಸಿಕೊಂಡಿದ್ದವರಿಗೆ ಶನಿವಾರ ತಡರಾತ್ರಿ ಟಿಎನ್‌ಟಿ ವಾಹಿನಿಯಲ್ಲಿ ಬರುತ್ತಿದ್ದ, ಸಿನಿಮಾದ ನಡುನಡುವೆ ನಿರೂಪಕ ಬಂದು ಮಾತಾಡುವ ‘ಮಾನ್‌ಸ್ಟರ್‌ವಿಷನ್’ ನೆನಪಿರಬಹುದು. ಟೆಕ್ಸಾಸ್ ಗತ್ತು, ಕೌಬಾಯ್ ಅಂಗಿ, ಕೊರಳಲ್ಲಿ ಬೋಲೋ ಟೈ, ಟ್ರೇಲರ್ ಮನೆಯ ಮುಂದೊಂದು ಕುರ್ಚಿ. ಅದರಲ್ಲಿ ಕೂತು ಜೋ ಬಾಬ್ ಬ್ರಿಗ್ಸ್ ಯಾರೂ ಕೇಳದ ಸಿನಿಮಾಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ. ಅದೇ ಮನುಷ್ಯ, ಹೆಚ್ಚೂಕಡಿಮೆ ಅದೇ ವೇಷ, ಈಗ ಎಎಂಸಿ ನೆಟ್‌ವರ್ಕ್ಸ್‌ನ ಹಾರರ್ ಸ್ಟ್ರೀಮಿಂಗ್ ಸೇವೆ ಷಡ್ಡರ್‌ನಲ್ಲಿ ‘ದಿ ಲಾಸ್ಟ್ ಡ್ರೈವ್-ಇನ್’ ನಡೆಸುತ್ತಾನೆ. ಹಳೆಯ ಕಾರ್ಯಕ್ರಮದ ಆಸೆಗೆ ಚಂದಾ ಕಟ್ಟುವುದು ಲಾಭವೇ ಎಂದು ಕೇಳುವ ಅಮೆರಿಕದ ಕನ್ನಡಿಗರಿಗಾಗಿ ಈ ಬರಹ.

ಮೊದಲು ಹಿನ್ನೆಲೆ, ಚುಟುಕಾಗಿ. ಜೋ ಬಾಬ್ ಒಂದು ಪಾತ್ರ. ಅದನ್ನು ಹುಟ್ಟಿಸಿ ಆಡುತ್ತಿರುವವರು ಪತ್ರಕರ್ತ ಜಾನ್ ಬ್ಲೂಮ್. 1982ರಲ್ಲಿ ‘ಡಲ್ಲಾಸ್ ಟೈಮ್ಸ್ ಹೆರಾಲ್ಡ್’ ಪತ್ರಿಕೆಯ ಡ್ರೈವ್-ಇನ್ (ಕಾರಿನಲ್ಲೇ ಕೂತು ನೋಡುವ ಬಯಲು ಚಿತ್ರಮಂದಿರ) ಸಿನಿಮಾ ಅಂಕಣದಲ್ಲಿ ಶುರುವಾದದ್ದು, 1986ರಿಂದ ಸುಮಾರು ಹತ್ತು ವರ್ಷ ದಿ ಮೂವಿ ಚಾನೆಲ್‌ನಲ್ಲಿ ನಡೆಯಿತು. 1996ರಿಂದ 2000ದವರೆಗೆ ಟಿಎನ್‌ಟಿ. ಆಮೇಲೆ ಹದಿನೆಂಟು ವರ್ಷ ಇಂಥ ಕಾರ್ಯಕ್ರಮ ಇಲ್ಲ.

ಆ ಕಾಲದ ತಡರಾತ್ರಿ ಸಿನಿಮಾಗಳ ಹಿಂದೆ ಇದ್ದದ್ದು ಶುದ್ಧ ಲೆಕ್ಕಾಚಾರ. 1957ರಲ್ಲಿ ಯೂನಿವರ್ಸಲ್‌ನ 52 ಹಳೆಯ ಚಿತ್ರಗಳನ್ನು ‘ಷಾಕ್!’ ಎಂಬ ಹೆಸರಲ್ಲಿ ಒಂದೇ ಗಂಟು ಕಟ್ಟಿ ಟಿವಿ ಕೇಂದ್ರಗಳಿಗೆ ಮಾರಿದಾಗಿನಿಂದ ಲೆಕ್ಕ ಅದೇ. ಸಿನಿಮಾ ಅಗ್ಗ, ರಾತ್ರಿಯ ಜಾಹೀರಾತು ದರವೂ ಅಗ್ಗ, ಆದ್ದರಿಂದ ನೋಡುಗರನ್ನು ಹಿಡಿದಿಡಲು ಇನ್ನೂ ಅಗ್ಗದ ಸೆಟ್ಟಿನಲ್ಲಿ ಮಾತುಗಾರನೊಬ್ಬನನ್ನು ಕೂರಿಸುವುದು. ಊರೂರಿಗೂ ಒಬ್ಬೊಬ್ಬ ಹಾರರ್ ನಿರೂಪಕ ಹುಟ್ಟಿಕೊಂಡದ್ದು ಹೀಗೆ. ಟಿಎನ್‌ಟಿಯಲ್ಲಿ ಇದಕ್ಕೊಂದು ತೊಡಕಿತ್ತು. ಅದು ಜಾಹೀರಾತಿನ ವಾಹಿನಿ, ಹಾಗಾಗಿ ರಕ್ತ, ಬೆತ್ತಲೆ, ಬೈಗುಳ ಎಲ್ಲಕ್ಕೂ ಕತ್ತರಿ. ಜೋ ಬಾಬ್ ಬರುತ್ತಿದ್ದದ್ದು ಬ್ರೇಕಿನ ಆಚೀಚೆ. ಬ್ರೇಕು ಎಲ್ಲಿ ಬೀಳಬೇಕೆಂದು ಹೇಳುತ್ತಿದ್ದದ್ದು ಗಡಿಯಾರ, ಕಥೆಯಲ್ಲ.

ಷಡ್ಡರ್‌ನಲ್ಲಿ ಚಿತ್ರಕ್ಕೆ ಕತ್ತರಿಯಿಲ್ಲ. ಅಂದಮೇಲೆ ನಡುವೆ ಬಂದು ಮಾತಾಡುವ ಅಗತ್ಯವೂ ಇರಲಿಲ್ಲ, ಆದರೂ ಬರುತ್ತಾನೆ. ಒಂದೊಂದು ಚಿತ್ರಕ್ಕೂ ಮೊದಲು ಪೀಠಿಕೆ, ಕೊನೆಗೆ ಮಂಗಳ, ನಡುವೆ ಹಲವು ನಿಲುಗಡೆ. ಒಂದೂವರೆ ಗಂಟೆಯ ಚಿತ್ರ ಎರಡು ಗಂಟೆ ದಾಟುತ್ತದೆ. ಹರಿಕಥೆ ದಾಸರು ಮುಖ್ಯ ಕಥೆಯನ್ನು ಕೈಬಿಟ್ಟು ಉಪಕಥೆಗೆ ಹೋಗಿ, ಕೇಳುವವರಿಗೆ ಎಲ್ಲಿದ್ದೆವೆಂದು ಮರೆಯುವ ಹೊತ್ತಿಗೆ ಸರಿಯಾಗಿ ವಾಪಸು ತರುತ್ತಾರಲ್ಲ, ಧಾಟಿ ಹಾಗೇ ಇದೆ. ವ್ಯತ್ಯಾಸವೆಂದರೆ ಜೋ ಬಾಬ್ ಕೆಲವೊಮ್ಮೆ ವಾಪಸು ತರಲು ಮರೆಯುತ್ತಾನೆ.

ಈ ಸೇವೆಯನ್ನು ಅಳೆಯಬೇಕಾದದ್ದು ಇಲ್ಲೇ. ಮಾತಿನಿಂದ ಗೆಲ್ಲುವ ಚಿತ್ರಗಳಿವೆ, ಮಾತಿನಿಂದ ಹಾಳಾಗುವ ಚಿತ್ರಗಳೂ ಇವೆ. ಕಾರ್ಯಕ್ರಮ ಎರಡಕ್ಕೂ ಒಂದೇ ಅಚ್ಚು ಬಳಸುತ್ತದೆ.

ಮೊದಲ ಸೀಸನ್ ಶುರುವಾದದ್ದು 2019ರ ಮಾರ್ಚ್ 29ರಂದು, ‘ಸಿ.ಎಚ್.ಯು.ಡಿ.’ ಮತ್ತು ‘ಕ್ಯಾಸಲ್ ಫ್ರೀಕ್’ ಜೋಡಿಯಿಂದ. ಎರಡನೆಯದನ್ನು ಸುಮ್ಮನೆ ನೋಡಿದರೆ ಇಟಲಿಯ ಪಾಳು ಕೋಟೆಯೊಂದರಲ್ಲಿ ನಡೆಯುವ, ಬಡ ಬಜೆಟ್ಟಿನ ಚಿತ್ರ, ಅಷ್ಟೇ. ಆದರೆ ಅದು ಹುಟ್ಟಿದ ಬಗೆ ತಿಳಿದರೆ ಬೇರೆಯದೇ ರುಚಿ. ನಿರ್ಮಾಪಕ ಚಾರ್ಲ್ಸ್ ಬ್ಯಾಂಡ್ ಕಚೇರಿಯ ಗೋಡೆಯಲ್ಲಿ ಕಥೆಯೇ ಇಲ್ಲದ ಒಂದು ಪೋಸ್ಟರ್ ಇತ್ತು. ನಿರ್ದೇಶಕ ಸ್ಟುವರ್ಟ್ ಗಾರ್ಡನ್ ಅದನ್ನು ನೋಡಿದರು. ಕೋಟೆ ಇರಬೇಕು, ವಿಕಾರ ಮನುಷ್ಯ ಇರಬೇಕು, ಮಿಕ್ಕದ್ದು ನಿಮ್ಮಿಷ್ಟ ಎಂದಾಯಿತು. ಚಿತ್ರೀಕರಣಕ್ಕೆ ಬಂದ ಕೋಟೆಯೂ ಬ್ಯಾಂಡ್ ಅವರದ್ದೇ. ಹೀಗೆ ದುಡ್ಡು ಎಲ್ಲಿಂದ ಬಂತು, ಹಂಚಿಕೆದಾರ ಯಾರು, ನಟ ಮುಂದೇನಾದ ಎಂಬ ಲೋಕ ಗೊತ್ತಿರುವವನು ಪಕ್ಕದಲ್ಲಿದ್ದರೆ ಸೊರಗಿದ ಚಿತ್ರಕ್ಕೂ ಜೀವ ಬರುತ್ತದೆ. ಜೋ ಬಾಬ್‌ನ ನಿಜವಾದ ಕಸುಬು ಇದು. ಟೋಪಿ-ಬಿಯರು ಬರೀ ಅಲಂಕಾರ; ಒಳಗೆ ಕೂತಿರುವವನು ಕಾಗದಪತ್ರ ತಿರುವಿ ಬಂದ ವರದಿಗಾರ.

ಅದೇ ಸೀಸನ್ನಿನಲ್ಲಿ ‘ದಿ ಚೇಂಜ್‌ಲಿಂಗ್’ ಕೂಡ ಇದೆ, 1980ರ ಕೆನಡಾ ಚಿತ್ರ. ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಸಂಗೀತಗಾರ, ಮೆಟ್ಟಿಲ ಮೇಲಿಂದ ಉರುಳಿ ಬರುವ ಮಗುವಿನ ಚೆಂಡು. ಅವನು ಅದನ್ನು ಒಯ್ದು ಹೊಳೆಗೆ ಎಸೆದು ಬರುತ್ತಾನೆ. ಮನೆಗೆ ಬಂದರೆ ಅದೇ ಚೆಂಡು ಮತ್ತೆ ಮೆಟ್ಟಿಲಿಳಿಯುತ್ತದೆ, ಒದ್ದೆಯಾಗಿ. ಈ ದೃಶ್ಯದ ಭಯ ಹುಟ್ಟುವುದು ಅದಕ್ಕೂ ಮೊದಲಿನ ನಿಧಾನದಿಂದ, ಮನೆಯ ಮೌನ ನಮ್ಮ ಕಿವಿಗೆ ಒಗ್ಗಿರುವುದರಿಂದ. ಅಂಥ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿದರೆ ಕಟ್ಟಿದ ಮೌನ ಪ್ರತಿ ಸಲವೂ ಕುಸಿದು, ಮತ್ತೆ ಮೊದಲಿಂದ ಕಟ್ಟಬೇಕು. ಆದ್ದರಿಂದ ಒಂದೇ ಸಲಹೆ: ನಿಜವಾಗಿಯೂ ಒಳ್ಳೆಯದೆಂದು ಹೆಸರಾದ ಚಿತ್ರವನ್ನು ಮೊದಲು ನಿರೂಪಣೆ ಇಲ್ಲದೆ ನೋಡಿ, ಇನ್ನೊಂದು ದಿನ ಜೋ ಬಾಬ್ ಜೊತೆ ನೋಡಿ. ರಬ್ಬರ್ ಮುಖವಾಡದ ಚಿತ್ರಗಳಿಗೆ ಈ ಎಚ್ಚರಿಕೆ ಬೇಡ, ನೇರ ಅವನ ಜೊತೆಗೇ ಕೂರಬಹುದು.

ಇಲ್ಲೇ ಹೊಸಬರು ಎಡವುವುದು. ಷಡ್ಡರ್‌ನಲ್ಲಿ ಬರೀ ಚಿತ್ರದ ಹೆಸರು ಹುಡುಕಿದರೆ ನಿರೂಪಣೆ ಇಲ್ಲದ ಪ್ರತಿ ತೆರೆದುಕೊಳ್ಳಬಹುದು. ಜೋ ಬಾಬ್ ಬೇಕೆಂದರೆ ಕಾರ್ಯಕ್ರಮದ ಹೆಸರಿನಲ್ಲಿ ಹುಡುಕಿ, ಸೀಸನ್ ಆರಿಸಿ, ಒಳಗೆ ಸಂಚಿಕೆ ಹಿಡಿಯಬೇಕು. ಅವಧಿ ನೋಡಿದರೂ ತಿಳಿಯುತ್ತದೆ: ಒಂದೇ ಚಿತ್ರಕ್ಕೆ ಎರಡು ಗಂಟೆಯ ಮೇಲೆ ತೋರಿಸಿದರೆ ಬಹುಮಟ್ಟಿಗೆ ಅದು ನಿರೂಪಣೆಯಿರುವ ಪ್ರತಿ.

ನೇರಪ್ರಸಾರದ್ದು ಬೇರೆ ಕಥೆ. ಮೊದಲ ಐದು ಸೀಸನ್‌ಗಳು ಶುಕ್ರವಾರ ರಾತ್ರಿ ಪೂರ್ವದ ಸಮಯ 9ಕ್ಕೆ ಶುರುವಾಗಿ, ಎರಡು ಚಿತ್ರ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ಕಳೆದು ಒಂದೂವರೆ, ಎರಡು ಗಂಟೆ ಆಗಿರುತ್ತಿತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವವರಿಗೆ ಇದು ನಿಜವಾದ ತಡರಾತ್ರಿ. ಡಲ್ಲಾಸ್‌ನಲ್ಲಿ 8 ಗಂಟೆ, ಪರವಾಗಿಲ್ಲ. ಬೇ ಏರಿಯಾದಲ್ಲಿ ಸಂಜೆ 6: ಏಪ್ರಿಲ್‌ನಲ್ಲಿ ಆಗ ಕಿಟಕಿಯಲ್ಲಿ ಇನ್ನೂ ಬಿಸಿಲು, ಹಾಲ್‌ನಲ್ಲಿ ಮಕ್ಕಳು ಎದ್ದಿರುತ್ತಾರೆ, ಟಿವಿಯಲ್ಲಿ ಕರುಳು ಹೊರಗೆ. ಪಶ್ಚಿಮ ತೀರದವರು ಲೈವ್ ಬಿಟ್ಟು, ಸಂಚಿಕೆ ಆನ್-ಡಿಮಾಂಡ್‌ಗೆ ಬಂದಮೇಲೆ ನೋಡುವುದೇ ಕ್ಷೇಮ. ಆರನೆಯ ಸೀಸನ್ನಿನಿಂದ ಪ್ರಸಾರದ ಕ್ರಮವೇ ಬದಲಾಗಿ, ವಾರ ವಾರ ಜೋಡಿ ಚಿತ್ರ ಎಂಬ ಹಳೆಯ ಲಯ ಹೋಯಿತು. ಚಂದಾ ಕಟ್ಟುವ ಮುನ್ನ ಈ ವರ್ಷದ ದಿನಾಂಕ ನೋಡಿಕೊಳ್ಳಿ. ಇಲ್ಲದಿದ್ದರೆ ಎರಡು ಸಂಚಿಕೆಯ ನಡುವಿನ ಖಾಲಿ ವಾರಗಳಿಗೂ ದುಡ್ಡು ತೆತ್ತಂತೆ. ಬೇರೆ ಸೇವೆಯ ಒಳಗಿನ ವಾಹಿನಿಯಾಗಿ ಚಂದಾ ಮಾಡುವವರು ಲೈವ್ ಅದರಲ್ಲಿ ಬರುತ್ತದೆಯೇ ಎಂದು ಮೊದಲೇ ಖಾತ್ರಿಪಡಿಸಿಕೊಳ್ಳಬೇಕು. ಗೊಂದಲ ಬೇಡವೆಂದರೆ ಷಡ್ಡರ್‌ನಲ್ಲೇ ನೇರ ಕಟ್ಟಿ. ತಿಂಗಳ ಲೆಕ್ಕಕ್ಕಿಂತ ವರ್ಷದ ಚಂದಾ ಅಗ್ಗ. ಹಳೆಯ ಸೀಸನ್ ಮಾತ್ರ ಸಾಕೆನ್ನುವವರಿಗೆ ಚಳಿಗಾಲದ ಎರಡು ತಿಂಗಳು ಕಟ್ಟಿ ನಿಲ್ಲಿಸುವುದು ಜಾಣತನ.

ಲೈವ್‌ನ ಬಲಹೀನತೆ ಮೊದಲ ದಿನವೇ ಬಯಲಾಗಿತ್ತು. 2018ರ ಜುಲೈ 13, ಶುಕ್ರವಾರ. ಮೊದಲ ಸೀಸನ್ನಿಗೂ ಮುಂಚೆ, ಜೋ ಬಾಬ್‌ನ ವಿದಾಯದ ಹೆಸರಲ್ಲಿ ಷಡ್ಡರ್‌ನವರು 24 ಗಂಟೆ, 13 ಚಿತ್ರಗಳ ಸರಣಿ ಇಟ್ಟುಕೊಂಡಿದ್ದರು. ನುಗ್ಗಿದ ಜನಕ್ಕೆ ಸರ್ವರ್ ಮಲಗಿತು, ಎಷ್ಟೋ ಮಂದಿಗೆ ಒಳಗೆ ಹೋಗಲೇ ಆಗಲಿಲ್ಲ. ಹಳೆಯ ಟಿವಿಗೆ ಈ ಕಾಯಿಲೆ ಇರಲಿಲ್ಲ: ಆ್ಯಂಟೆನಾದಲ್ಲಿ ಹತ್ತು ಮಂದಿ ನೋಡಿದರೂ ಹತ್ತು ಲಕ್ಷ ಮಂದಿ ನೋಡಿದರೂ ಗೋಪುರಕ್ಕೆ ಒಂದೇ ಹೊರೆ, ಸ್ಟ್ರೀಮಿಂಗ್‌ನಲ್ಲಿ ನೋಡುವ ಒಬ್ಬೊಬ್ಬರಿಗೂ ಬೇರೆ ಬೇರೆ ಸಂಪರ್ಕ ಕೊಡಬೇಕು. ಆ ಗದ್ದಲವೇ ಕಾರ್ಯಕ್ರಮ ಮುಂದುವರಿಯಲು ಕಾರಣವಾದದ್ದು ಬೇರೆ ಮಾತು. ವಿದಾಯ ಅಂದವರು ಇನ್ನೂ ಎದ್ದು ಹೋಗಿಲ್ಲ.

ಇನ್ನೊಂದು ಕೊರತೆ ಹಕ್ಕಿನದ್ದು. ಚಿತ್ರದ ಪರವಾನಗಿ ಮುಗಿದರೆ ಅದರ ಸುತ್ತ ಹೆಣೆದ ಮಾತೂ ಚಿತ್ರದೊಟ್ಟಿಗೇ ಮಾಯ, ಏಕೆಂದರೆ ಎರಡೂ ಒಂದೇ ಕಡತ. ಮಾತಿನ ಭಾಗವನ್ನಷ್ಟೇ ಬೇರೆಯಾಗಿ ಉಳಿಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇಕೆನಿಸಿದ ಸಂಚಿಕೆಯನ್ನು ‘ಆಮೇಲೆ ನೋಡೋಣ’ ಎಂದು ಪಟ್ಟಿಗೆ ಸೇರಿಸಿ ಮರೆಯಬೇಡಿ.

‘ಡ್ರೈವ್-ಇನ್ ಟೋಟಲ್ಸ್’ ಬಗ್ಗೆ ಎರಡು ಮಾತು. ಚಿತ್ರ ಶುರುವಾಗುವ ಮುನ್ನ ಹೆಣ ಎಷ್ಟು, ಬೆತ್ತಲೆ ಎದೆ ಎಷ್ಟು, ಯಾವ್ಯಾವ ಆಯುಧ ಎಂದು ಪಟ್ಟಿ ಓದುವುದು ಅಂಕಣದ ಕಾಲದ ರೂಢಿ. ಹೆಣದ ಲೆಕ್ಕ ಇವತ್ತಿಗೂ ನಗಿಸುತ್ತದೆ. ಎದೆಯ ಲೆಕ್ಕ ಹಳಸಿದೆ. ಅದನ್ನು ಸಹನೀಯ ಮಾಡುವುದು ‘ಡಾರ್ಸಿ ದಿ ಮೇಲ್ ಗರ್ಲ್’ ಆಗಿ ಬರುವ ಡಯಾನಾ ಪ್ರಿನ್ಸ್. ಅಭಿಮಾನಿಗಳ ಪತ್ರ ತರುವ ನೆಪದಲ್ಲಿ ಬಂದು ಎದುರು ವಾದಿಸುತ್ತಾಳೆ, ಅವನ ಅಭಿಪ್ರಾಯಕ್ಕೆ ಅಡ್ಡಗಾಲು ಹಾಕುತ್ತಾಳೆ, ಚಿತ್ರಗಳ ಬಗ್ಗೆ ಅವಳಿಗೂ ಚೆನ್ನಾಗಿ ಗೊತ್ತು. ಇಬ್ಬರ ಜಗಳ ಹತ್ತಿಕೊಂಡ ಸಂಚಿಕೆಗಳು ಅವನೊಬ್ಬನ ಭಾಷಣಕ್ಕಿಂತ ಮೇಲು.

‘ಮಾನ್‌ಸ್ಟರ್‌ವಿಷನ್’ ಅನ್ನೇ ನೋಡಬೇಕೆನ್ನುವವರಿಗೆ ಉಳಿದಿರುವುದು ಅಭಿಮಾನಿಗಳು ವಿಎಚ್‌ಎಸ್ ಟೇಪಿನಿಂದ ಇಳಿಸಿ ಅಂತರ್ಜಾಲಕ್ಕೆ ಹಾಕಿದ ತುಣುಕುಗಳು. ಹಲವು ಮಸುಕಾಗಿರುವುದಕ್ಕೆ ಕಾರಣವಿದೆ. ಟಿ-120 ಟೇಪು ಎಸ್‌ಪಿ ಎಂಬ ಮಾಮೂಲಿ ವೇಗದಲ್ಲಿ ಎರಡೇ ಗಂಟೆ ಹಿಡಿಯುತ್ತದೆ; ಜಾಹೀರಾತು ಸೇರಿದ ರಾತ್ರಿ ಸಿನಿಮಾಗೆ ಅದು ಸಾಲದು. ಹಾಗಾಗಿ ಜನ ಇಪಿ ಎಂಬ ನಿಧಾನದ ವೇಗಕ್ಕೆ ಇಳಿಸಿ ಆರು ಗಂಟೆ ತುಂಬಿಸುತ್ತಿದ್ದರು. ಆಗ ಟೇಪಿನ ಮೇಲೆ ಚಿತ್ರ ದಾಖಲಾಗುವ ಒಂದೊಂದು ಗೆರೆಯ ಅಗಲ 58 ಮೈಕ್ರಾನ್‌ನಿಂದ 19ಕ್ಕೆ ಇಳಿಯುತ್ತದೆ. ಅಷ್ಟು ಸಪೂರ ಗೆರೆಯನ್ನು ಬೇರೊಂದು ವಿಸಿಆರ್‌ನ ಹೆಡ್ (ಟೇಪು ಓದುವ ಭಾಗ) ಸರಿಯಾಗಿ ಹಿಡಿಯದು. ಚಿತ್ರದ ಕೆಳಗಡೆ ಪಟ್ಟೆ ಕುಣಿಯುತ್ತದೆ, ದನಿ ತೇಲಾಡುತ್ತದೆ. ಮನೆಯ ಅಟ್ಟದಲ್ಲಿ ಅಂಥ ಟೇಪು ಇದ್ದು ಡಿಜಿಟಲ್ ಮಾಡಿಸುವುದಾದರೆ, ಅದನ್ನು ರೆಕಾರ್ಡ್ ಮಾಡಿದ ವಿಸಿಆರ್ ಸಿಕ್ಕರೆ ಅದರಲ್ಲೇ ಓಡಿಸಿ. ಇಲ್ಲದಿದ್ದರೆ ಹೆಡ್ಡನ್ನು ಗೆರೆಗೆ ಸರಿಹೊಂದಿಸುವ ಟ್ರ್ಯಾಕಿಂಗ್ ಅನ್ನು ಕೈಯಲ್ಲಿ ಹೊಂದಿಸಿಕೊಂಡು, ಚಿತ್ರ ಅಲುಗದೆ ನಿಂತಮೇಲೆ ಇಳಿಸಿಕೊಳ್ಳಿ. ಬೂಸ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಹೆಡ್ ಕೆಡುತ್ತದೆ, ಮುಂದಿನ ಟೇಪಿಗೂ ಅಂಟುತ್ತದೆ.

ಚಂದಾ ಕಟ್ಟುವ ಮನಸ್ಸಿಲ್ಲ, ಮಕ್ಕಳ ಜೊತೆ ಕೂತು ನೋಡಬೇಕು ಎನ್ನುವವರಿಗೆ ಶನಿವಾರ ರಾತ್ರಿ ಮಿ-ಟಿವಿ ವಾಹಿನಿಯಲ್ಲಿ ‘ಸ್ವೆನ್‌ಗೂಲಿ’ ಎಂಬ ಹಾರರ್ ನಿರೂಪಕನ ಕಾರ್ಯಕ್ರಮ ಇದೆ. ಶಿಕಾಗೊದ ರಿಚ್ ಕೋಜ್ 1979ರಿಂದ ಈ ವೇಷ ಹಾಕುತ್ತಿದ್ದಾರೆ, 2022ರಲ್ಲಿ ಜೋ ಬಾಬ್‌ನ ಕಾರ್ಯಕ್ರಮಕ್ಕೂ ಅತಿಥಿಯಾಗಿ ಬಂದಿದ್ದರು. ಹಳೆಯ ಯೂನಿವರ್ಸಲ್ ಭೂತಗಳು, ರಬ್ಬರ್ ಕೋಳಿ, ಸವಕಲು ಜೋಕು, ನಡುವೆ ಜಾಹೀರಾತು. ಮಿ-ಟಿವಿ ಸಿಗುವ ಊರಾದರೆ ಮಾಮೂಲಿ ಆ್ಯಂಟೆನಾ ಸಾಕು, ಕಾಸಿಲ್ಲ.