ಬರ್ನ್ಸಾಲ್‌ನಿಂದ ಕೆಟಲ್‌ವೆಲ್‌ಗೆ: ಸುಣ್ಣಕಲ್ಲಿನ ಬೆಟ್ಟಗಳಲ್ಲಿ 16 ಕಿಲೋಮೀಟರ್ ಮತ್ತು ನಾಲ್ಕು ಗಂಟೆಗೆ ಮುಚ್ಚುವ ಚಹಾದಂಗಡಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ, ವಾರ್ಫ್ ನದಿಯ ಕಣಿವೆಯನ್ನು ಹಿಡಿದು, ಬರ್ನ್ಸಾಲ್ ಎಂಬ ಹಳ್ಳಿಯಿಂದ ಗ್ರ್ಯಾಸಿಂಗ್ಟನ್ ಮೂಲಕ ಕೆಟಲ್‌ವೆಲ್ ತಲುಪುವ ಕಾಲ್ನಡಿಗೆಯ ದಾರಿ ಸುಮಾರು 16 ಕಿಲೋಮೀಟರ್ ಉದ್ದವಿದೆ. ಇಲ್ಕ್ಲಿ ಪಟ್ಟಣದಿಂದ ವಿಂಡರ್ಮಿಯರ್ ಸರೋವರದ ದಂಡೆಯ ಬೋನೆಸ್‌ವರೆಗೆ ಸಾಗುವ, ಸುಮಾರು 130 ಕಿಲೋಮೀಟರಿನ ‘ಡೇಲ್ಸ್ ವೇ’ ಎಂಬ ದೂರದ ನಡಿಗೆಯ ಒಂದು ತುಂಡು ಇದು. ಪೂರ್ತಿ ನಡೆಯಲು ವಾರ ಬೇಕು. ಒಂದೇ ದಿನ ಕೈಯಲ್ಲಿರುವವರು ಯಾವ ತುಂಡನ್ನು ಆರಿಸಿಕೊಳ್ಳಬೇಕೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಒಂದು ಷರತ್ತಿದೆ. ಈ ದಾರಿಯಲ್ಲಿ ಹೊತ್ತು ನೋಡಬೇಕಾದುದು ಸೂರ್ಯನಿಂದಲ್ಲ, ಚಹಾದಂಗಡಿಯ ಬಾಗಿಲಿನಿಂದ. ಮೇ ತಿಂಗಳಿನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಚಹಾ ಮಾತ್ರ ಸಂಜೆ ನಾಲ್ಕಕ್ಕೇ ಮುಗಿದಿರುತ್ತದೆ. ಇದನ್ನು ನಾನು ತಡವಾಗಿ ತಿಳಿದುಕೊಂಡೆ.

ನಡೆಯಲು ಟಿಕೆಟ್ಟಿಲ್ಲ, ಪ್ರವೇಶ ಶುಲ್ಕವಿಲ್ಲ. 1954ರಲ್ಲಿ ಘೋಷಣೆಯಾದ ಈ ಪ್ರದೇಶ ಹೆಸರಿಗೆ ಉದ್ಯಾನವಾದರೂ ಅದರೊಳಗೆ ಹಳ್ಳಿಗಳಿವೆ, ಹುಲ್ಲುಗಾವಲುಗಳಿವೆ, ಕುರಿದೊಡ್ಡಿಗಳಿವೆ, ಮತ್ತು ಜಮೀನಿನ ಬಹುಪಾಲು ಖಾಸಗಿಯವರದು. ಆ ಜಮೀನುಗಳ ನಡುವೆಯೇ ಸಾರ್ವಜನಿಕರ ನಡೆಯುವ ಹಕ್ಕು ಕಾನೂನಿನಿಂದ ಕಾಯಲ್ಪಟ್ಟಿರುವ ಕಾಲುದಾರಿಗಳು ಹಾದುಹೋಗುತ್ತವೆ. ಪ್ರತಿಯಾಗಿ ನಮ್ಮಿಂದ ಬಯಸುವುದು ಇಷ್ಟೇ: ದಾರಿ ಬಿಟ್ಟು ಹುಲ್ಲು ತುಳಿಯಬಾರದು, ನಾವು ತೆರೆದ ಗೇಟನ್ನು ಹಾಕದೆ ಮುಂದೆ ಹೋಗಬಾರದು, ಜೊತೆಯಲ್ಲಿ ನಾಯಿಯಿದ್ದರೆ ಹಗ್ಗ ಬಿಡಬಾರದು. ನಾನು ಹೋದಾಗ ಮರಿ ಹಾಕಿದ ಕುರಿಗಳು ಎಲ್ಲ ಕಡೆಯೂ ಇದ್ದವು. ಕಪ್ಪು ಮುಖ, ಬಿಳಿ ಮೂತಿಯ ಸ್ವೇಲ್‌ಡೇಲ್ ತಳಿಯ ತಾಯಿಕುರಿಯೊಂದು ಗೇಟಿಗೆ ಅಡ್ಡಲಾಗಿ ನಿಂತು, ನಾನು ಎರಡು ಹೆಜ್ಜೆ ಹಿಂದೆ ಸರಿಯುವವರೆಗೆ ಕದಲಲಿಲ್ಲ.

ಮೊದಲ ಭಾಗ, ಅಂದರೆ ಬರ್ನ್ಸಾಲ್‌ನಿಂದ ಗ್ರ್ಯಾಸಿಂಗ್ಟನ್‌ವರೆಗಿನ ಐದೂವರೆ ಕಿಲೋಮೀಟರ್, ನದಿಯ ಪಕ್ಕದಲ್ಲೇ ಹೋಗುವ ಸಮತಟ್ಟಾದ ದಾರಿ. ಐದು ಕಮಾನುಗಳ ಸೇತುವೆಯ ಬಳಿ ಆರಂಭವಾಗಿ, ಲೂಪ್ ಸ್ಕಾರ್ ಎಂಬ ಬಂಡೆಗೋಡೆಯ ಕೆಳಗೆ ನುಸುಳಿ, ಹೆಬ್ಡೆನ್ ಬಳಿಯ ತೂಗುಸೇತುವೆಯ ಮೇಲೆ ನದಿಯನ್ನು ದಾಟುತ್ತದೆ. ಸೇತುವೆ ಹೆಜ್ಜೆಹೆಜ್ಜೆಗೂ ತೂಗುತ್ತದೆ; ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಕಾಯುವುದು ಲೇಸು. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಇಷ್ಟೇ ಸಾಕು, ಲಿಂಟನ್ ಜಲಪಾತ ನೋಡಿ ಗ್ರ್ಯಾಸಿಂಗ್ಟನ್‌ನಲ್ಲಿ ನಿಲ್ಲಬಹುದು. ಜಲಪಾತವೆಂದರೆ ಎತ್ತರದಿಂದ ಧುಮುಕುವ ನೀರಲ್ಲ. ಉತ್ತರ ಕ್ರೇವನ್ ಸ್ತರಭಂಗ, ಅಂದರೆ ನೆಲದ ಪದರಗಳು ಬಿರಿದು ಜಾರಿದ ಗೆರೆ, ನದಿಯನ್ನು ಅಡ್ಡಹಾಯುವ ಜಾಗದಲ್ಲಿ ನೀರು ಓರೆಯಾದ ಬಂಡೆಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಜಾರುತ್ತದೆ. ಚೆನ್ನಾಗಿದೆ, ಆದರೆ ಇದಕ್ಕಾಗಿಯೇ ಅಷ್ಟು ದೂರದಿಂದ ಬರಬೇಕಿಲ್ಲ.

ಬಂದುದು ಸಾರ್ಥಕವೆನಿಸುವುದು ಗ್ರ್ಯಾಸಿಂಗ್ಟನ್‌ನ ನಂತರ. ಅದಕ್ಕೆ ಮೊದಲು ಚಹಾದ ವಿಷಯ.

ಗ್ರ್ಯಾಸಿಂಗ್ಟನ್ ಒಂದು ಕಾಲದಲ್ಲಿ ಸೀಸದ ಗಣಿಗಾರಿಕೆಯಿಂದ ಬದುಕಿದ ಊರು. ಈಗ ನಡೆಯಲು ಬರುವವರಿಂದ ಬದುಕುತ್ತಿದೆ. ಕಲ್ಲು ಹಾಸಿದ ಚೌಕದ ಸುತ್ತ ಒಂದಕ್ಕಿಂತ ಹೆಚ್ಚು ಚಹಾದಂಗಡಿಗಳಿವೆ. ನಾನು ಹೊಕ್ಕ ಅಂಗಡಿಯಲ್ಲಿ ಚಹಾ ಎಂದರೆ ಒಂದು ಲೋಟವಲ್ಲ, ಒಂದು ಏರ್ಪಾಡು: ಎರಡು ಚಹಾಪೊಟ್ಟಣ ಹಾಕಿದ ಪಿಂಗಾಣಿ ಕೆಟಲು, ಅದು ಗಾಢವಾದರೆ ಬೆರೆಸಿಕೊಳ್ಳಲು ಬೇರೆ ಬಿಸಿನೀರಿನ ಹೂಜಿ, ತಣ್ಣನೆಯ ಹಾಲಿನ ಪುಟ್ಟ ಕುಡಿಕೆ. ಜೊತೆಗೆ ಸ್ಕೋನ್ ಎಂಬ, ಬನ್ನಿಗೂ ಬಿಸ್ಕತ್ತಿಗೂ ನಡುವಿನ ತಿನಿಸು, ಬೆಣ್ಣೆ, ಜಾಮ್. ಹಾಲಿನಲ್ಲೇ ಕುದಿಸಿದ ಚಹಾಕ್ಕೆ ಒಗ್ಗಿದ ನಾಲಿಗೆಗೆ ಮೊದಲ ಎರಡು ಗುಟುಕು ಸಪ್ಪೆ ಎನಿಸುತ್ತದೆ. ಮೂರನೆಯ ನಿಮಿಷಕ್ಕೆ, ಪೊಟ್ಟಣಗಳು ಚೆನ್ನಾಗಿ ಬಿಟ್ಟುಕೊಂಡ ಮೇಲೆ, ಚಹಾ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ತನ್ನ ಖಾರವನ್ನು ತೋರಿಸುತ್ತದೆ. ಆದ್ದರಿಂದ ಅವಸರಪಟ್ಟು ಬಗ್ಗಿಸಿಕೊಳ್ಳಬೇಡಿ.

ಲೋಟವನ್ನು ಐದು ನಿಮಿಷ ಬಿಟ್ಟು ನೋಡಿದಾಗ ಚಹಾದ ಮೇಲೆ ಕಂದುಬಣ್ಣದ ತೆಳು ಪೊರೆಯೊಂದು ಕಟ್ಟಿತ್ತು. ಚಮಚದಿಂದ ಮುಟ್ಟಿದರೆ ಮಂಜುಗಡ್ಡೆಯ ಹಾಳೆಯ ಹಾಗೆ ಒಡೆದು ತುಣುಕುತುಣುಕಾಗಿ ತೇಲಿತು. ಲೋಟ ತೊಳೆದಿಲ್ಲವೆಂದು ಮೊದಲು ಅನುಮಾನಪಟ್ಟೆ. ಕಾರಣ ಬೇರೆ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವೂ ಚಹಾದಲ್ಲಿರುವ ಪಾಲಿಫಿನಾಲ್‌ಗಳೂ ಗಾಳಿಯ ಸಂಪರ್ಕದಲ್ಲಿ ಸೇರಿ ಇಂಥ ಪೊರೆ ಕಟ್ಟುತ್ತವೆ, ಒಂದು ಹನಿ ನಿಂಬೆರಸ ಹಾಕಿದರೆ ಕಟ್ಟುವುದಿಲ್ಲ. ಅಂಗಡಿಯಾಕೆ ಕ್ಷಮೆ ಕೇಳುವ ದನಿಯಲ್ಲಿ ಹೊಸ ಕೆಟಲು ತರಲೇ ಎಂದು ಕೇಳಿದರು, ಬೇಡವೆಂದೆ. ಮುಂದಿನ ಮೂರು ಗಂಟೆ ನಾನು ಯಾವುದರ ಮೇಲೆ ನಡೆಯಲಿದ್ದೆನೋ ಅದೇ ಲೋಟದಲ್ಲೂ ತೇಲುತ್ತಿತ್ತು. ಎಲೆಗೆ ಹಚ್ಚುವ ಸುಣ್ಣವನ್ನು ಬಲ್ಲ ನಾವು ಅದಕ್ಕೆ ಹೆದರಬೇಕಾಗಿಲ್ಲ. ಚಹಾ, ಸ್ಕೋನ್ ಎರಡಕ್ಕೂ ಸೇರಿ ಎಂಟು ಪೌಂಡಿನೊಳಗಾಯಿತು. ಸ್ಕೋನ್ ಒಳಗೆ ಸ್ವಲ್ಪ ಒಣಗಿತ್ತು ಎನ್ನುವುದನ್ನು ಬಿಟ್ಟರೆ ದೂರಿಲ್ಲ. ನನ್ನ ತಪ್ಪೆಂದರೆ, ಅಲ್ಲಿ ಒಂದೂವರೆ ಗಂಟೆ ಕುಳಿತದ್ದು.

ಗ್ರ್ಯಾಸಿಂಗ್ಟನ್‌ನ ಮೇಲುಕೇರಿಯನ್ನು ದಾಟಿ ಲೀ ಗ್ರೀನ್ ಎಂಬ ಹುಲ್ಲುಬಯಲನ್ನು ಏರಿದೊಡನೆ ನೆಲದ ಸ್ವಭಾವವೇ ಬದಲಾಗುತ್ತದೆ. ಕೆಳಗೆ ನದಿಯಿದ್ದೂ ಇಲ್ಲಿ ಮೇಲೆ ಒಂದು ತೊರೆಯಾಗಲಿ ಕೆಸರುಗುಂಡಿಯಾಗಲಿ ಇಲ್ಲ. ಮಳೆ ಸುರಿದ ಮರುದಿನವೂ ಹುಲ್ಲು ಒಣಗಿರುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ, ಆ ಆಮ್ಲ ಸುಣ್ಣಕಲ್ಲಿನ ಬಿರುಕುಗಳನ್ನು ಕರಗಿಸಿ ಅಗಲ ಮಾಡುತ್ತದೆ, ಅಗಲವಾದ ಬಿರುಕಿನೊಳಗೆ ನೀರು ಇಳಿದುಹೋಗಿ ಎಲ್ಲೋ ಕೆಳಗೆ ಬುಗ್ಗೆಯಾಗಿ ಏಳುತ್ತದೆ. ಹೀಗಾಗಿ ಕುಡಿಯುವ ನೀರನ್ನು ಗ್ರ್ಯಾಸಿಂಗ್ಟನ್‌ನಲ್ಲೇ ತುಂಬಿಕೊಳ್ಳಬೇಕು. ಕಲ್ಲು ಬರಿದಾಗಿರುವ ಕಡೆ ಇದೇ ಕೆಲಸದ ಗುರುತು ಕಣ್ಣಿಗೆ ಬೀಳುತ್ತದೆ: ಹಿಮಯುಗದ ನೀರ್ಗಲ್ಲುಗಳು ಮೇಲ್ಮಣ್ಣನ್ನು ಉಜ್ಜಿ ತೆಗೆದ ಬಳಿಕ ಉಳಿದ ಬಂಡೆಹಾಸು, ಬಾಣಲೆಯಲ್ಲಿ ಕೊರೆದ ಬರ್ಫಿಯಂತೆ ಚಕ್ಕೆಚಕ್ಕೆಯಾಗಿ ಸೀಳಿಕೊಂಡಿರುತ್ತದೆ. ಚಕ್ಕೆಗೆ ಸ್ಥಳೀಯರು ಕ್ಲಿಂಟ್ ಎನ್ನುತ್ತಾರೆ, ಸೀಳಿಗೆ ಗ್ರೈಕ್. ಮೊಣಕಾಲೂರಿ ಒಂದು ಗ್ರೈಕಿನೊಳಗೆ ಇಣುಕಿದೆ. ಮೇಲೆ ಕುರಿ ಮೇಯ್ದು ಬೋಳಾದ ಹುಲ್ಲು. ಮೊಳದಾಳದಲ್ಲಿ, ಕುರಿಯ ಬಾಯಿಗೆಟುಕದ ತಂಪಿನಲ್ಲಿ, ನಾಲಿಗೆಯಂತೆ ಉದ್ದನೆಯ ಹೊಳಪೆಲೆಯ ಜರಿಗಿಡ. ಪಕ್ಕದ ಕಲ್ಲಿನಲ್ಲಿ ಸಣ್ಣ ಮಣಿಗಳನ್ನು ಪೋಣಿಸಿಟ್ಟಂಥ ಗುರುತು: ಕ್ರಿನಾಯ್ಡ್ ಎಂಬ ಕಡಲಜೀವಿಯ ಕಾಂಡ. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ, ಈ ನೆಲ ಭೂಮಧ್ಯರೇಖೆಯ ಸಮೀಪದ ಬೆಚ್ಚನೆಯ ಆಳವಿಲ್ಲದ ಕಡಲ ತಳವಾಗಿದ್ದಾಗ ಸತ್ತು ಬಿದ್ದದ್ದು.

ಮಳೆಯಲ್ಲಿ ಈ ಹಾಸಿನ ಮೇಲೆ ಕಾಲಿಡಬೇಡಿ. ಒದ್ದೆ ಸುಣ್ಣಕಲ್ಲು ಸಾಬೂನಿನ ಹಾಗೆ ಜಾರುತ್ತದೆ, ಗ್ರೈಕಿನಲ್ಲಿ ಕಾಲು ಸಿಕ್ಕಿಕೊಂಡರೆ ಕಣಕಾಲು ಉಳಿಯುವುದಿಲ್ಲ. ಪಕ್ಕದ ಹುಲ್ಲಿನ ದಾರಿ ಸುರಕ್ಷಿತ.

ಗೋಡೆಗಳ ಬಗ್ಗೆಯೂ ಹೇಳಬೇಕು. ಗಾರೆಯಿಲ್ಲದೆ ಬರಿಯ ಕಲ್ಲು ಪೇರಿಸಿ ಕಟ್ಟಿದ ಇವು ಒಂದು ಗೋಡೆಯಲ್ಲ, ಒಳಕ್ಕೆ ವಾಲಿಕೊಂಡ ಎರಡು ಗೋಡೆಗಳು. ನಡುವೆ ಜಲ್ಲಿ ತುಂಬಿ, ಅಲ್ಲಲ್ಲಿ ಎರಡನ್ನೂ ಹಿಡಿದಿಡುವ ಉದ್ದಗಲ್ಲು ಇಟ್ಟು, ತಲೆಯ ಮೇಲೆ ಅಂಚುಗಲ್ಲು ಸಾಲಾಗಿ ನಿಲ್ಲಿಸಿರುತ್ತಾರೆ. ದಾಟಲು ಮರದ ಏಣಿಯ ತಡಮೆಗಳೂ ಇವೆ, ಗೋಡೆಯಲ್ಲೇ ಬಿಟ್ಟ ಸಂದಿಗಳೂ ಇವೆ. ಈ ಸಂದಿ ಮನುಷ್ಯನ ಕಾಲಿಗೆ ಅಗಲ, ಕುರಿಯ ಹೊಟ್ಟೆಗೆ ಕಿರಿದು ಎಂಬ ಲೆಕ್ಕದಲ್ಲಿ ಮಾಡಿದ್ದು. ಬೆನ್ನಚೀಲವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ: ನನ್ನ ಚೀಲ ಸಿಕ್ಕಿಕೊಂಡು, ಹಿಂದೆ ಬರುತ್ತಿದ್ದ ವೃದ್ಧ ದಂಪತಿ ತಳ್ಳಿ ಪಾರುಮಾಡಿದರು.

ದಾರಿಯ ಅತ್ಯುನ್ನತ ಸುಖ ಕೋನಿಸ್ಟನ್ ಹಳ್ಳಿಯ ಮೇಲ್ಭಾಗದಲ್ಲಿದೆ. ಹಳೆಯ ಸುಣ್ಣದ ಗೂಡೊಂದನ್ನು ದಾಟಿದ ಮೇಲೆ, ಕಡುಬಿನ ಆಕಾರದ ಬಂಡೆಯೊಂದು ಎದುರಾಗುತ್ತದೆ. ಅದಕ್ಕೆ ‘ಕೋನಿಸ್ಟನ್ ಪೈ’ ಎಂದೇ ಹೆಸರು. ಅದರ ಬುಡದಲ್ಲಿ ಕುಳಿತರೆ ವಾರ್ಫ್ ಕಣಿವೆ ಕೆಳಗೆ ಹಾಸಿರುತ್ತದೆ, ಎದುರು ಬದಿಯಿಂದ ಸ್ಕರ್‌ಫೇರ್ ನದಿಯ ಲಿಟನ್‌ಡೇಲ್ ಕಣಿವೆ ಬಂದು ಕೂಡಿಕೊಳ್ಳುತ್ತದೆ, ಮತ್ತು ಎಡಕ್ಕೆ ಕಿಲ್ನ್ಸಿ ಕ್ರ್ಯಾಗ್ ಎಂಬ ಸುಮಾರು 50 ಮೀಟರ್ ಎತ್ತರದ ಬಂಡೆ, ಹುಬ್ಬು ಗಂಟಿಕ್ಕಿದವರ ಹಾಗೆ ಮುಂದಕ್ಕೆ ಚಾಚಿಕೊಂಡು ನಿಂತಿರುತ್ತದೆ. ಇಲ್ಲಿ ನಿಂತ ಅರ್ಧಗಂಟೆಗಾಗಿ ಇಡೀ ದಿನವನ್ನು ಮತ್ತೆ ನಡೆಯಬಲ್ಲೆ. ಇಲ್ಲಿಯೇ ಚಹಾ ಬೇಕೆನಿಸುವುದೂ ಹೌದು. ಆದರೆ ಗ್ರ್ಯಾಸಿಂಗ್ಟನ್ ಬಿಟ್ಟ ಬಳಿಕ ಕೆಟಲ್‌ವೆಲ್‌ವರೆಗಿನ ಹತ್ತು ಕಿಲೋಮೀಟರ್ ದಾರಿಯ ಮೇಲೆ ಅಂಗಡಿಯಿಲ್ಲ. ಫ್ಲಾಸ್ಕು ಒಯ್ಯುವುದು ಒಳ್ಳೆಯದು.

ಅಲ್ಲಿಂದ ಇಳಿದು, ಕಾಡಂಚಿನ ರಸ್ತೆ ಹಿಡಿದು, ಮತ್ತೆ ಹೊಲಗಳ ಸಂದಿಗಳನ್ನು ಒಂದರ ಹಿಂದೊಂದರಂತೆ ನುಸುಳಿ ಕೆಟಲ್‌ವೆಲ್ ತಲುಪುವಾಗ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಗುರಿಯಿಟ್ಟುಕೊಂಡಿದ್ದ ಅಂಗಡಿಯ ಮುಂದೆ ಫಲಕ ತಿರುಗಿಸಿಟ್ಟಿತ್ತು. ಗಾಜಿನಾಚೆ ಹುಡುಗಿಯೊಬ್ಬಳು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುತ್ತಿದ್ದಳು. ಕಪಾಟಿನಲ್ಲಿ ಕೇಕು ಕಾಣುತ್ತಿತ್ತು. ಹೊರಗೆ ಸಮಯದ ಫಲಕದಲ್ಲಿ ‘5ರವರೆಗೆ’ ಎಂದೇ ಬರೆದಿತ್ತು, ಮತ್ತು ಅದರ ಬಗ್ಗೆ ನನ್ನ ಅಸಮಾಧಾನ ಇಂದಿಗೂ ಆರಿಲ್ಲ. ಜನ ಕಡಿಮೆಯಿದ್ದ ದಿನ ಬೇಗ ಮುಚ್ಚುವುದು ಅಲ್ಲಿನ ರೂಢಿ ಎಂದು ಬಳಿಕ ತಿಳಿಯಿತು. ಹಾಗಿದ್ದರೆ ಫಲಕ ಹಾಕಬಾರದು. ಕೊನೆಗೆ ಪಬ್ಬಿನವರು ಚಹಾ ಕೊಟ್ಟರು. ಪಬ್ಬೆಂದರೆ ಬರಿಯ ಬಿಯರ್ ಎಂದು ಹಿಂಜರಿಯುವವರು ಗಮನಿಸಲಿ: ಚಹಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕೆಟಲಿಲ್ಲ, ಹೂಜಿಯಿಲ್ಲ, ದಪ್ಪ ಮಗ್ಗಿನಲ್ಲಿ ಪೊಟ್ಟಣವನ್ನು ಹಾಗೇ ಬಿಟ್ಟು ಕೊಟ್ಟ ಚಹಾ. ದಣಿದವನಿಗೆ ಗ್ರ್ಯಾಸಿಂಗ್ಟನ್‌ನದಕ್ಕಿಂತ ಅದೇ ಹಿಡಿಸಿತು.

ಮತ್ತೆ ಹೋಗುವುದಾದರೆ ಬರ್ನ್ಸಾಲ್ ಅನ್ನು ಒಂಬತ್ತಕ್ಕೆ ಬಿಡುತ್ತೇನೆ, ಗ್ರ್ಯಾಸಿಂಗ್ಟನ್‌ನಲ್ಲಿ ಮುಕ್ಕಾಲು ಗಂಟೆ ಮಾತ್ರ ಕೂರುತ್ತೇನೆ, ಮೂರಕ್ಕೆ ಕೆಟಲ್‌ವೆಲ್‌ನಲ್ಲಿರುತ್ತೇನೆ. 1:25,000 ಪ್ರಮಾಣದ, ಬ್ರಿಟನ್ನಿನ ಸರ್ಕಾರಿ ನಕ್ಷಾಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೇ ನಕ್ಷೆಯನ್ನು ಕಾಗದದಲ್ಲೇ ಒಯ್ಯುತ್ತೇನೆ, ಏಕೆಂದರೆ ಕಣಿವೆಯಲ್ಲಿ ನನ್ನ ಮೊಬೈಲಿಗೆ ಬಹಳ ಹೊತ್ತು ಸಿಗ್ನಲ್ ಇರಲಿಲ್ಲ. ಸ್ಕಿಪ್ಟನ್ ಪಟ್ಟಣದ ಕಡೆಗೆ ಮರಳುವ ಬಸ್ಸುಗಳು ದಿನಕ್ಕೆ ಕೆಲವೇ. ಹೊರಡುವ ಮೊದಲು ಕೊನೆಯ ಬಸ್ಸಿನ ಹೊತ್ತನ್ನು ಬರೆದಿಟ್ಟುಕೊಳ್ಳಿ. ಸಾಧ್ಯವಿದ್ದವರು ಆ ರಾತ್ರಿ ಕೆಟಲ್‌ವೆಲ್‌ನಲ್ಲೇ ಉಳಿದುಕೊಳ್ಳಲಿ, ಬೆಳಿಗ್ಗೆ ಹತ್ತಕ್ಕೆ ಆ ಅಂಗಡಿ ಮತ್ತೆ ತೆರೆಯುತ್ತದೆ.