ಟ್ರೈಕೋ ಕಾರ್ಡ್: ಕೆಲಸಕ್ಕೆ ಕುಂದಿಲ್ಲ, ಹೆಸರಿಗೆ ಪತ್ತೆಯಿಲ್ಲ

ಮಲ್ಲೇಶ್ವರದ ನಮ್ಮ ತಾರಸಿಯ ಟೊಮೆಟೊ ಗಿಡಗಳಿಗೆ ಕಾಯಿಕೊರಕದ ಕಾಟ ಹೆಚ್ಚಾದಾಗ, ನಗರದ ಒಂದು ಮಳಿಗೆಯಿಂದ ಎರಡು ಟ್ರೈಕೋ ಕಾರ್ಡ್ ತಂದೆ. ಅಕ್ಕಿ ಪತಂಗದ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ, ಅವುಗಳೊಳಗೆ ಟ್ರೈಕೋಗ್ರಾಮಾ ಎಂಬ ಪರೋಪಜೀವಿ ಕಣಜದಿಂದ ಮೊಟ್ಟೆ ಇಡಿಸಿ ಮಾರುವ ಸರಕು ಇದು. ಕಾಯಿಯೊಳಗೆ ಆಗಲೇ ಸೇರಿಕೊಂಡ ಹುಳುವನ್ನು ಇದು ಏನೂ ಮಾಡದು. ಪತಂಗ ಇಟ್ಟ ಮೊಟ್ಟೆ ಒಡೆಯುವ ಮೊದಲೇ ಕಣಜ ಅದನ್ನು ಹಿಡಿಯಬೇಕು.

ಮೊದಲ ಕಾರ್ಡನ್ನು ಸಂಜೆ ತುಂಡರಿಸಿ ಎಲೆಗಳ ಅಡಿಗೆ ಪಿನ್ ಮಾಡಿದೆ. ಬೆಳಗಾಗುವಷ್ಟರಲ್ಲಿ ಅರ್ಧದಷ್ಟು ಇರುವೆಗಳ ಪಾಲು. ಎರಡನೆಯದಕ್ಕೆ ಕುಂಡದ ಸುತ್ತ ನೀರು ನಿಲ್ಲಿಸಿದೆ. ಮೂರನೆಯ ಬೆಳಗ್ಗೆ ಭೂತಗನ್ನಡಿ ಹಿಡಿದರೆ, ಕರಿ ಎಳ್ಳಿಗಿಂತ ಸಣ್ಣ ಕಪ್ಪು ಮೊಟ್ಟೆಯಲ್ಲೊಂದು ದುಂಡನೆಯ ತೂತು, ಅದರ ಪಕ್ಕದಲ್ಲೇ ರೆಕ್ಕೆ ಒಣಗಿಸಿಕೊಳ್ಳುತ್ತಿದ್ದ, ಅರ್ಧ ಮಿಲಿಮೀಟರ್ ಕೂಡ ಇರದ ಕಣಜ. ಆಮೇಲೆ ಬಿಟ್ಟ ಕಾಯಿಗಳಲ್ಲಿ ತೂತು ಬಿದ್ದದ್ದು ಕಡಿಮೆ.

ನನ್ನ ಆಕ್ಷೇಪವಿರುವುದು ಚೀಟಿಯ ಬಗ್ಗೆ. ಅದರಲ್ಲಿ 'ಟ್ರೈಕೋಗ್ರಾಮಾ' ಎಂದಷ್ಟೇ ಇದೆ. ಭತ್ತದ ಕಾಂಡಕೊರಕಕ್ಕೆ ಜಪೋನಿಕಮ್, ಟೊಮೆಟೊಗೆ ಚಿಲೋನಿಸ್ ಅಥವಾ ಪ್ರೆಟಿಯೋಸಮ್ ಎಂದು ಬೇರೆ ಬೇರೆ ಪ್ರಭೇದಗಳನ್ನು ಬಳಸುವಾಗ, ಕೊಳ್ಳುವವನಿಗೆ ತಾನು ತಂದದ್ದು ಯಾವುದೆಂದು ತಿಳಿಯಬೇಡವೇ? ವರ್ಣತಂತು ಎಣಿಸಿ ಕಂಡುಕೊಳ್ಳೋಣವೆಂದರೆ ಅದೂ ಆಗದು: ಫಲಿತವಾಗದ ಮೊಟ್ಟೆಯಿಂದ ಹುಟ್ಟುವ ಗಂಡಿಗೆ 5, ಫಲಿತ ಮೊಟ್ಟೆಯ ಹೆಣ್ಣಿಗೆ 10 ಎಂಬ ಲೆಕ್ಕ ಈ ಕುಲದ ಹಲವು ಪ್ರಭೇದಗಳಲ್ಲಿ ಒಂದೇ. ಮೈಬಣ್ಣವೂ ಬೆಳೆದ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಈ ತೊಡಕನ್ನು ಬಿಡಿಸಿದ್ದು ಇದೇ ಊರಿನಲ್ಲಿ ಎಂಬುದು ನೆನಪಾದಾಗ ಬೇಸರ ಇನ್ನಷ್ಟು ಹೆಚ್ಚುತ್ತದೆ. ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದಲ್ಲಿ ದುಡಿದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು 1968ರಲ್ಲಿ ಈ ಕಣಜಗಳ ಸಂಕರ ಪ್ರಯೋಗಗಳನ್ನು ಪ್ರಕಟಿಸಿದರು. 1971ರಲ್ಲಿ, ಗಂಡು ಕಣಜದ ಜನನಾಂಗದ ರಚನೆಯೇ ಪ್ರಭೇದಗಳನ್ನು ಬೇರ್ಪಡಿಸಲು ನಂಬಬಹುದಾದ ಗುರುತು ಎಂದು ತೋರಿಸಿಕೊಟ್ಟರು. ನಮ್ಮಲ್ಲಿ ಬಹುಕಾಲ ಆಸ್ಟ್ರೇಲಿಕಮ್ ಎಂದು ಕರೆಸಿಕೊಂಡ ಕಣಜ ಚಿಲೋನಿಸ್ ಎಂದು ಸ್ಥಿರಪಟ್ಟದ್ದು ಇಂಥ ವರ್ಗೀಕರಣದ ದುಡಿಮೆಯಿಂದಲೇ.

ಮಳಿಗೆಯವರನ್ನು ಕೇಳಿದಾಗ "ಎಲ್ಲಾ ಒಂದೇ ಸಾರ್" ಎಂದರು. ಸರಕಿಗೆ ನಾಲ್ಕು ಅಂಕ, ಚೀಟಿಗೆ ಒಂದು. ಮುಂದಿನ ಸಲ ಪ್ರಭೇದದ ಹೆಸರು, ಕಣಜ ಹೊರಬರುವ ದಿನಾಂಕ ಎರಡೂ ಅಚ್ಚಾಗಿರುವ ಕಾರ್ಡ್ ಎಲ್ಲಿ ಸಿಗುತ್ತದೋ ಅಲ್ಲಿಂದಲೇ ತರುತ್ತೇನೆ.